ದೀಪಕ್ಕೆ ಹನ್ನೆರಡು, ಗುರುವಿಗೆ ಐವತ್ತು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನೆಂಬುವನು ಕ್ರಿ.ಶ. 945ರಲ್ಲಿ ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ. ದೂರದ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆಂದು ಅದಕ್ಕೆ 27 ವಸತಿಗಳು ಸೇರಿದ್ದುವು. ಶಾಲೆ ನಡೆಯುವುದಕ್ಕಾಗಿ ಬಿಟ್ಟ ಭೂಮಿಯ ಲೆಕ್ಕವನ್ನು ಅಲ್ಲಿಯ ಶಾಸನ ಒಂದೊಂದಾಗಿ ಹೇಳುತ್ತದೆ. ಅದರಲ್ಲಿ ಎರಡು ಅಂಕಿಗಳು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಉಳಿದುಬಿಟ್ಟಿವೆ. ದೀಪದ ಖರ್ಚಿಗೆ 12 ನಿವರ್ತನ. ಮುಖ್ಯ ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ. ನಿವರ್ತನವೆಂಬುದು ಆ ಕಾಲದ ಭೂಮಿಯ ಅಳತೆ.

ಸಾವಿರ ವರ್ಷ ಹಿಂದಿನ ಶಾಲೆಗೆ ದೀಪವೇ ಯಂತ್ರ. ಕತ್ತಲಾದ ಮೇಲೂ ಓದು ನಡೆಯಬೇಕಾದರೆ ಅದಿಲ್ಲದೆ ಆಗದು. ಆದರೆ ದಾನಿ ಹಿತ್ತಾಳೆಯ ದೀಪಸ್ತಂಭಗಳನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಎಣ್ಣೆಗೆ ಹೊಲ ಬಿಟ್ಟ. ಹೊಲ ವರ್ಷವರ್ಷವೂ ಬೆಳೆಯುವಂಥದು. ಆದ್ದರಿಂದ ದೀಪ ವರ್ಷವರ್ಷವೂ ಉರಿಯುವಂಥದು. ಮತ್ತು ದೀಪಕ್ಕೆ ಒಂದು ಪಾಲು ಎತ್ತಿಟ್ಟವನು ಅದರ ಬೆಳಕಿನಲ್ಲಿ ಪಾಠ ಹೇಳುವವನಿಗೆ ನಾಲ್ಕು ಪಾಲಿಗೂ ಮಿಗಿಲಾಗಿ ಎತ್ತಿಟ್ಟ. ಶಾಲೆಗೆ ಹಣ ಕೇಳುವವರೂ ಕೊಡುವವರೂ ಗಮನಿಸತಕ್ಕ ಪ್ರಮಾಣ ಇದು.

ಈ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳ ಕಡೆಗೆ ಬರೋಣ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರಲ್ಲಿ ಊರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನ ಹೊರಬೀಳಬೇಕಾಯಿತು. ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದುದು ಆ ಹಿನ್ನೆಲೆಯಲ್ಲಿ. ಸರ್ಕಾರದವರು ನೇರವಾದ ರಸ್ತೆ ಹಾಕಿಸಿದರು, ನಿವೇಶನ ಅಳೆದು ಕೊಟ್ಟರು. ಆದರೆ ಈ ಬಡಾವಣೆಗಳ ಹೆಸರಾಂತ ಶಾಲಾ ಕಾಲೇಜುಗಳಲ್ಲಿ ಬಹುಪಾಲು ಜನರು ಕೂಡಿ ಕಟ್ಟಿಕೊಂಡವು. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ 1917ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಬಂತು. 1946ರಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು ಬುಲ್ ಟೆಂಪಲ್ ರಸ್ತೆಯಲ್ಲಿ ತಮ್ಮ ಸ್ವಂತ ಹಣದಿಂದ ಇಂಜಿನಿಯರಿಂಗ್ ಕಾಲೇಜನ್ನು ತೆರೆದರು. ಖಾಸಗಿಯವರು ಅಂಥದೊಂದನ್ನು ಕಟ್ಟಿದ್ದು ದೇಶದಲ್ಲೇ ಮೊದಲು. 1956ರಲ್ಲಿ ಎಂ.ಪಿ.ಎಲ್. ಶಾಸ್ತ್ರಿಗಳ ಮುಂದಾಳುತನದಲ್ಲಿ ಮಲ್ಲೇಶ್ವರದ ಮೈಸೂರು ಎಜುಕೇಷನ್ ಸೊಸೈಟಿ ಹುಟ್ಟಿತು. ಇವುಗಳಲ್ಲದೆ, ಹೆಸರು ಪತ್ರಿಕೆಯಲ್ಲಿ ಬಾರದ ಸಣ್ಣ ಸಣ್ಣ ಕನ್ನಡ ಶಾಲೆಗಳು ಎಷ್ಟೋ.

ಜನರು ಕಟ್ಟಿದ ಶಾಲೆಗೆ ಸರ್ಕಾರ ಒತ್ತಾಸೆಯಾಗಿ ನಿಲ್ಲುವ ಪದ್ಧತಿಗೆ ‘ಗ್ರಾಂಟು’ ಎಂದು ಹೆಸರು. ಈ ಮಾತು ಈಗ ಕನ್ನಡದ್ದೇ ಆಗಿಹೋಗಿದೆ. ಇದರ ಮೂಲ 1854ರ ಜುಲೈಯಲ್ಲಿ ಚಾರ್ಲ್ಸ್ ವುಡ್ ಎಂಬಾತನ ಹೆಸರಿನಲ್ಲಿ ಲಂಡನ್ನಿನಿಂದ ಬಂದ ಶಿಕ್ಷಣದ ಆಜ್ಞಾಪತ್ರ. ಸರ್ಕಾರವೇ ಎಲ್ಲ ಶಾಲೆಗಳನ್ನೂ ನಡೆಸಲಾರದು. ಜನರು ನಡೆಸುವ ಶಾಲೆಗೆ ಸಹಾಯ ಮಾಡಬಹುದು ಎಂಬುದು ಅದರ ತಿರುಳು. ಷರತ್ತುಗಳೂ ಇದ್ದುವು. ಶಾಲೆಗೆ ಸ್ಥಳೀಯರ ಸರಿಯಾದ ಆಡಳಿತ ಇರಬೇಕು. ಇನ್ಸ್‌ಪೆಕ್ಟರರು ಬಂದು ನೋಡಲು ಒಪ್ಪಬೇಕು. ಮಕ್ಕಳಿಂದ ಎಷ್ಟೇ ಸಣ್ಣದಾದರೂ ಒಂದು ಫೀಜು ಪಡೆಯಬೇಕು. ಇನ್ನೊಂದು ಮಾತನ್ನೂ ಆ ಪತ್ರ ಹೇಳಿತು: ಶಾಲೆಯ ಒಟ್ಟು ಖರ್ಚಿಗೆ ಇಷ್ಟು ಎಂದು ಸುಮ್ಮನೆ ಕೊಡುವುದು ಬೇಡ, ಗೊತ್ತಾದ ಒಂದು ಉದ್ದೇಶಕ್ಕೆ, ಉಪಾಧ್ಯಾಯರ ಸಂಬಳಕ್ಕೋ ಪುಸ್ತಕಕ್ಕೋ ಕಟ್ಟಡಕ್ಕೋ, ಎಂದು ಗುರುತುಮಾಡಿ ಕೊಡಬೇಕು. ಮೈಸೂರು ಆಗ ಕಮಿಷನರ ಆಳ್ವಿಕೆಯಲ್ಲಿತ್ತು. 1857ರಲ್ಲಿ ಇಲ್ಲಿಯೂ ವಿದ್ಯಾ ಇಲಾಖೆ ಏರ್ಪಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಸರ್ಕಾರಿ ಹೈಸ್ಕೂಲು ತೆರೆಯಿತು. 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆದುದು ಅದೇ.

ಗುರುತುಮಾಡಿ ಕೊಡುವ ಈ ಪದ್ಧತಿಯಲ್ಲಿ ಒಂದು ಗುಣವುಂಟು, ಒಂದು ದೋಷವುಂಟು. ಹಣ ಪೋಲಾಗುವುದಿಲ್ಲ ಎಂಬುದು ಗುಣ. ಕೊಡುವವನ ಕಣ್ಣಿಗೆ ಕಾಣುವ ವಸ್ತುವಿಗೆ ಹಣ ಬೇಗ ಹುಟ್ಟುತ್ತದೆ, ಕಾಣದ ಕೆಲಸಕ್ಕೆ ಹುಟ್ಟುವುದಿಲ್ಲ ಎಂಬುದು ದೋಷ. ಕಟ್ಟಡಕ್ಕೆ ಕಲ್ಲು ಹಾಕಬಹುದು, ಬೀರುವಿನ ಮೇಲೆ ಹೆಸರು ಬರೆಸಬಹುದು. ಬೀರುವಿನ ಬಾಗಿಲು ತೆರೆದು ಮಕ್ಕಳ ಕೈಗೆ ತಕ್ಕಡಿಯನ್ನು ಕೊಟ್ಟು ಪ್ರಯೋಗ ಮಾಡಿಸುವ ಮೇಷ್ಟರ ಶ್ರಮದ ಮೇಲೆ ಯಾರ ಹೆಸರನ್ನು ಬರೆಸುವುದು? ಈಚಿನ ನೂರು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ಬಂದ ಹೊಸ ಹೊಸ ಯಂತ್ರಗಳ ಕಥೆಯೆಲ್ಲ ಈ ಗುಣದೋಷಗಳ ಕಥೆಯೇ.

ಹಾಗೆಂದು ದೂರದ ಮಾತನ್ನು ಮೊದಲೇ ಯೋಚಿಸಿದ ದಾನಿಗಳು ನಮ್ಮ ಊರಿನ ಚರಿತ್ರೆಯಲ್ಲಿ ಇಲ್ಲದಿಲ್ಲ. ಇಬ್ಬರನ್ನು ಇಲ್ಲಿ ನೆನೆಯಬೇಕು.

ಮೊದಲನೆಯವರು ಜಮ್ಷೇಟ್ಜಿ ಟಾಟಾ. ವಿಜ್ಞಾನದ ಉನ್ನತ ಶಿಕ್ಷಣಕ್ಕಾಗಿ ಅವರು 1898ರಲ್ಲಿ ಎತ್ತಿಟ್ಟದ್ದು ಯಂತ್ರಸಾಮಗ್ರಿಯನ್ನಲ್ಲ. ಮುಂಬಯಿಯ ಹದಿನಾಲ್ಕು ಕಟ್ಟಡಗಳು ಮತ್ತು ನಾಲ್ಕು ಜಮೀನುಗಳನ್ನು. ಅವುಗಳ ಬೆಲೆ ಸುಮಾರು 30 ಲಕ್ಷ ರೂಪಾಯಿ. ವರ್ಷಕ್ಕೆ ಬರುವ ಉತ್ಪತ್ತಿ ಒಂದು ಕಾಲು ಲಕ್ಷ. ಆ ಉತ್ಪತ್ತಿಯಿಂದ ಸಂಸ್ಥೆ ನಡೆಯಬೇಕೆಂದು ಅವರ ಎಣಿಕೆ. ಸಾಲೋಟಗಿಯ ಮಂತ್ರಿಯ ಬುದ್ಧಿಯೇ ಇದು. ದಾನ ಕೊಡುವೆನೆಂದರೂ ಸರ್ಕಾರ ಅದನ್ನು ಒಪ್ಪಿಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು. ಜಮ್ಷೇಟ್ಜಿ 1904ರಲ್ಲೇ ತೀರಿಕೊಂಡರು. ಆಜ್ಞೆ ಹೊರಟದ್ದು 1909ರ ಮೇ 27ರಂದು. ನಡುವೆ ಮೈಸೂರು ಸಂಸ್ಥಾನ ಮಲ್ಲೇಶ್ವರದಾಚೆಗೆ 371 ಎಕರೆ ಭೂಮಿಯನ್ನೂ ವರ್ಷಕ್ಕೆ 50,000 ರೂಪಾಯಿಯನ್ನೂ ಕೊಡಲು ಮುಂದೆ ಬಂದುದರಿಂದ ಸಂಸ್ಥೆ ಬೆಂಗಳೂರಿಗೆ ದಕ್ಕಿತು. ಊರಿನ ಹಿರಿಯರು ಇವತ್ತಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ವರ್ಷಾಶನದ ಮಾತು ಇಲ್ಲಿಯೂ ಬಂತೆಂಬುದನ್ನು ಗಮನಿಸಬೇಕು.

ಎರಡನೆಯವರು ಸರ್ ಎಂ. ವಿಶ್ವೇಶ್ವರಯ್ಯನವರು. 1923ರಿಂದ 1929ರವರೆಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಅಧ್ಯಕ್ಷರಾಗಿದ್ದಾಗ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. ಲಕ್ಷಕ್ಕೂ ಮೀರಿದ ಆ ಮೊತ್ತ ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಹೋಗಲಿ ಎಂದರು. 1943ರಲ್ಲಿ ಅದು ಬೆಂಗಳೂರಿನಲ್ಲಿ ಕೈಗೂಡಿತು. ತಮ್ಮ ಹೆಸರು ಬೇಡವೆಂದು ಅವರು ಮಹಾರಾಜರ ಹೆಸರನ್ನು ಇಡಿಸಿದ್ದರಿಂದ ಅದು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆಯಿತು. ಮುಂದೆ ಪಾಲಿಟೆಕ್ನಿಕ್ ಎನ್ನಿಸಿಕೊಂಡಿತು. ಹೆಸರಿಗಾಗಿ ಕೊಡದೆ ಇದ್ದವರು ಕೆಲಸಕ್ಕೆ ಏನು ಬೇಕೆಂಬುದನ್ನು ಚೆನ್ನಾಗಿ ಯೋಚಿಸಬಲ್ಲರು.

ಈಗ ಯಂತ್ರಗಳ ಕಡೆಗೆ ಬರೋಣ. 1955ರ ನವೆಂಬರಿನಲ್ಲಿ ಬೆಂಗಳೂರು ಆಕಾಶವಾಣಿ ಕೇಂದ್ರ ಆರಂಭವಾಯಿತು. ಆ ಕಾಲದ ಶಾಲೆಗೆ ರೇಡಿಯೋ ಒಂದು ದೊಡ್ಡ ಯಂತ್ರ. ಇಪ್ಪತ್ತು ವರ್ಷದ ಮೇಲೆ ಟೆಲಿವಿಷನ್ನಿನ ಸರದಿ. ಅಮೆರಿಕದವರು ತಮ್ಮ ಉಪಗ್ರಹವೊಂದನ್ನು ಭಾರತಕ್ಕೆ ಕಡವಾಗಿ ಕೊಟ್ಟರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟೆಲಿವಿಷನ್ ಪಾಠ ನಡೆಯಿತು. ನಮ್ಮ ಕಡೆ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರಿನವರಿಗೆ. ಪ್ರಯೋಗ ಚೆನ್ನಾಗಿಯೇ ನಡೆಯಿತೆಂದು ಹೆಸರು ಬಂತು. ಆದರೆ ವರ್ಷ ತುಂಬಿದೊಡನೆ ಕೊಟ್ಟವರು ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಆಕಾಶದಲ್ಲಿರುವ ವಸ್ತುವನ್ನೂ ಕಡ ತಂದರೆ ಹಿಂತಿರುಗಿಸಬೇಕಾಗುತ್ತದೆ! ಅವಧಿ ಮುಗಿಯುವ ಸಹಾಯಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ನನಗೆ ಗೊತ್ತಿಲ್ಲ. ಆ ವರ್ಷದಿಂದ ಉಳಿದ ಗಟ್ಟಿ ಲಾಭಗಳಲ್ಲಿ ಒಂದು, ಅದೇ ಪ್ರಸಾರದ ಮೂಲಕ ಪ್ರಾಥಮಿಕ ಶಾಲೆಯ ಸಾವಿರಾರು ಉಪಾಧ್ಯಾಯರಿಗೆ ದೊರೆತ ವಿಜ್ಞಾನದ ತರಬೇತಿ. ಯಂತ್ರ ಹೋಯಿತು, ಕಲಿತದ್ದು ಹೋಗಲಿಲ್ಲ.

1984ರಲ್ಲಿ ಕಂಪ್ಯೂಟರು ಬಂತು. ಕೇಂದ್ರ ಸರ್ಕಾರದ ‘ಕ್ಲಾಸ್’ ಎಂಬ ಯೋಜನೆ ಮೊದಲಿಗೆ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಕೊಟ್ಟಿತು. ಮುಂದೆ ಇನ್ನೂ ಹೆಚ್ಚು ಶಾಲೆಗಳಿಗೆ ಹರಡಿತು. 1987ರಲ್ಲಿ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಬಂದು ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಎರಡನೆಯ ಶಿಕ್ಷಕ, ಮತ್ತು ವಿಜ್ಞಾನದ ಸಲಕರಣೆಗಳ ಪೆಟ್ಟಿಗೆ ಒದಗಿಸಲು ಹೊರಟಿತು. ಪೆಟ್ಟಿಗೆಯ ಗತಿ ಏನಾಯಿತೆಂಬುದು ಆ ಕಾಲದ ಉಪಾಧ್ಯಾಯರಿಗೆಲ್ಲ ಗೊತ್ತು. ಎಷ್ಟೋ ಕಡೆ ಅದರ ಬೀಗ ತೆರೆಯಲಿಲ್ಲ. ಸಾಮಾನು ದಾಸ್ತಾನು ಪುಸ್ತಕಕ್ಕೆ ಏರಿದೆ. ಒಡೆದರೆ ಜವಾಬ್ದಾರಿ ಮೇಷ್ಟರ ಮೇಲೆ. ಲೆಕ್ಕ ತಪಾಸಣೆಗೆ ಬರುವವರು ಗಾಜಿನ ನಳಿಕೆ ಇದೆಯೇ ಎಂದು ಕೇಳುತ್ತಾರೆಯೇ ಹೊರತು ಅದರಿಂದ ಮಗು ಏನು ಕಲಿಯಿತು ಎಂದು ಕೇಳುವುದಿಲ್ಲ. ಹೀಗಿದ್ದ ಮೇಲೆ ಬುದ್ಧಿವಂತನಾದ ಉಪಾಧ್ಯಾಯ ಬೀಗ ಹಾಕಿಡದೆ ಇನ್ನೇನು ಮಾಡಿಯಾನು?

2001ರ ಸುಮಾರಿಗೆ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಯೋಜನೆಯಡಿ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರು ಪಾಠ ಆರಂಭಿಸಿತು. ಯಂತ್ರ ಹೂಡುವುದೂ ಪಾಠ ಹೇಳುವುದೂ ಖಾಸಗಿ ಕಂಪನಿಗಳ ಗುತ್ತಿಗೆ. ಅದೇ ಕಾಲಕ್ಕೆ ಕೇರಳದವರೂ ತಮ್ಮ ಶಾಲೆಗಳಿಗೆ ಕಂಪ್ಯೂಟರನ್ನು ತಂದರು. ಆದರೆ ಅವರು ಹಿಡಿದ ದಾರಿ ಬೇರೆ. ಗಣಿತ ವಿಜ್ಞಾನ ಭಾಷೆಗಳನ್ನು ಕಲಿಸುತ್ತಿದ್ದ ತಮ್ಮ ಶಾಲೆಯ ಶಿಕ್ಷಕರನ್ನೇ ಆರಿಸಿ, ಅವರಿಗೆ ಯಂತ್ರವನ್ನು ಕಲಿಸಿ, ಅವರಿಂದಲೇ ಇತರ ಶಿಕ್ಷಕರಿಗೆ ಕಲಿಸಿದರು. ಯಂತ್ರ ಕೆಟ್ಟರೆ ನೋಡಿಕೊಳ್ಳುವುದನ್ನೂ ಅವರಿಗೇ ಹೇಳಿಕೊಟ್ಟರು. ಖರ್ಚಿಲ್ಲದೆ ದೊರೆಯುವ ಮುಕ್ತ ತಂತ್ರಾಂಶವನ್ನು ಬಳಸಿದರು. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಎಂಬ ಸಂಸ್ಥೆ ಈ ಎರಡು ದಾರಿಗಳನ್ನೂ ಹೋಲಿಸಿ ನೋಡಿತು. ಗುತ್ತಿಗೆಯ ಕಡೆ ಕಂಪ್ಯೂಟರು ಶಾಲೆಯಲ್ಲಿದ್ದರೂ ಶಾಲೆಯದಾಗಲಿಲ್ಲ. ಶಿಕ್ಷಕರು ಅದನ್ನು ಹೊರಗಿನವರ ಕೋಣೆಯೆಂದೇ ಕಂಡರು. ಗುತ್ತಿಗೆ ಮುಗಿದರೆ ಪಾಠವೂ ಮುಗಿಯಿತು. ಕೇರಳದಲ್ಲಿ ಮೇಷ್ಟರು ಉಳಿದರು, ಆದ್ದರಿಂದ ವಿದ್ಯೆ ಉಳಿಯಿತು. ಕರ್ನಾಟಕವೂ ಈ ಪಾಠವನ್ನು ತಡವಾಗಿಯಾದರೂ ಕಲಿಯಿತೆನ್ನಬೇಕು: 2011ರಿಂದ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ವಿಷಯವಾರು ವೇದಿಕೆಗಳನ್ನು ಕಟ್ಟಿ ತರಬೇತಿ ಕೊಡುವ ಕೆಲಸ ಇಲ್ಲಿಯೂ ನಡೆಯಿತು.

ಇದಿಷ್ಟು ಹಿಂದಿನ ಕಥೆ. ಇಂದು ನಮ್ಮ ಹಳೆಯ ಬಡಾವಣೆಯ ಶಾಲೆಯೊಂದು ಕಂಪ್ಯೂಟರಿಗಾಗಿ ಹಣ ಹುಡುಕಿ ಹೊರಟರೆ ಮೂರು ಬಾಗಿಲುಗಳಿವೆ.

ಮೊದಲನೆಯದು ಸರ್ಕಾರದ ಬಾಗಿಲು. 2018ರಲ್ಲಿ ಏರ್ಪಟ್ಟ ‘ಸಮಗ್ರ ಶಿಕ್ಷಣ’ ಯೋಜನೆಯಲ್ಲಿ 6ರಿಂದ 12ನೆಯ ತರಗತಿಯವರೆಗಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರು ಕೋಣೆಗೆ ಒಂದು ಸಲಕ್ಕೆ 6.40 ಲಕ್ಷ ರೂಪಾಯಿಯವರೆಗೆ, ಆಮೇಲೆ ಐದು ವರ್ಷ ವರ್ಷಕ್ಕೆ 2.40 ಲಕ್ಷದವರೆಗೆ ಗೊತ್ತುಮಾಡಿದರು. ಕೂಡಿ ನೋಡಿದರೆ ಯಂತ್ರಕ್ಕೆ ಆರೂವರೆ ಲಕ್ಷದ ಒಳಗೆ, ಅದನ್ನು ನಡೆಸುವುದಕ್ಕೆ 12 ಲಕ್ಷ. ಕಾಗದದ ಮೇಲೆ ಇದು ಬುದ್ಧಿವಂತಿಕೆಯ ಲೆಕ್ಕವೇ; ಸಾಲೋಟಗಿಯವರೂ ಮೆಚ್ಚಬಹುದು. ಕೊರತೆಯೆಂದರೆ ಐದು ವರ್ಷದ ಗಡುವು. ನಾರಾಯಣ ಮಂತ್ರಿಯ ಹೊಲಕ್ಕೆ ಗಡುವಿರಲಿಲ್ಲ. ಕೇಂದ್ರದ ನೀತಿ ಆಯೋಗ 2016ರಲ್ಲಿ ತೊಡಗಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಗ್ರಾಂಟು ಇನ್ನೂ ದೊಡ್ಡದು: ಒಟ್ಟು 20 ಲಕ್ಷ. ಆದರೆ ಅದಕ್ಕೆ 1,500 ಚದರಡಿ ಜಾಗ ತೋರಿಸಬೇಕೆಂದು ನಿಯಮ ಮಾಡಿದರು. ಚಾಮರಾಜಪೇಟೆಯಲ್ಲಿ ಹಳೆಯ ಮಂಗಳೂರು ಹೆಂಚಿನ ಮನೆಯೊಂದರಲ್ಲಿ ನಡೆಯುವ ಶಾಲೆ ಅಷ್ಟು ಜಾಗವನ್ನು ಎಲ್ಲಿಂದ ತರಬೇಕು? ಬಡವನಿಗೆ ಬೇಕಾದ ಅನ್ನವನ್ನು ದೊಡ್ಡ ಎಲೆ ತಂದವನಿಗೆ ಮಾತ್ರ ಬಡಿಸುವೆನೆಂದ ಹಾಗೆ.

ಎರಡನೆಯದು ಕಂಪನಿಗಳ ಬಾಗಿಲು. 2013ರ ಕಂಪನಿ ಕಾಯಿದೆಯ 135ನೆಯ ವಿಧಿ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕೋಪಯೋಗಿ ಕೆಲಸಕ್ಕೆ ಖರ್ಚುಮಾಡತಕ್ಕದ್ದು. ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಆದರೆ ಹಣ ಪಡೆಯಲು ಟ್ರಸ್ಟು ಅಥವಾ ಸೊಸೈಟಿಗೆ ಆದಾಯ ತೆರಿಗೆಯ ನೋಂದಣಿಗಳು ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, 2021ರಿಂದ ಈಚೆಗೆ ಕಂಪನಿ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿಯೂ ಬೇಕು. ಅನೇಕರು ಲಕ್ಷ್ಯಕ್ಕೆ ತಾರದ ಒಂದು ಅನುಕೂಲವೂ ಈ ನಿಯಮಗಳಲ್ಲಿದೆ. ‘ಚಾಲ್ತಿಯಲ್ಲಿರುವ ಯೋಜನೆ’ ಎಂದು ತೋರಿಸಿದರೆ, ಆರಂಭದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ಒಂದೇ ಕೆಲಸಕ್ಕೆ ಹಣ ಕೊಡುತ್ತ ಹೋಗಬಹುದು. ಅಂದರೆ ಯಂತ್ರದ ಜೊತೆಗೆ ಅದನ್ನು ನಡೆಸುವ ಖರ್ಚನ್ನು ಕೇಳಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಕೇಳುವವರ ಸಂಕೋಚದಲ್ಲಿ.

ಮೂರನೆಯದು ಹಳೆಯ ವಿದ್ಯಾರ್ಥಿಗಳ ಬಾಗಿಲು. ದೇಶ ವಿದೇಶಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಎಷ್ಟೋ ಮಂದಿ ಬಸವನಗುಡಿ ಮಲ್ಲೇಶ್ವರದ ಈ ಶಾಲೆಗಳಲ್ಲಿ ಓದಿದವರೇ. ಅವರು ಮನಸ್ಸು ಮಾಡಿದರೆ ಒಂದು ಮೂಲಧನ ಕೂಡಿಸಿ ಬಡ್ಡಿಯಿಂದ ನಡೆಸುವ ಏರ್ಪಾಡು ಸಾಧ್ಯ. ವಿದೇಶದ ಹಣಕ್ಕೆ ಮಾತ್ರ 2010ರ ವಿದೇಶಿ ದೇಣಿಗೆ ಕಾಯಿದೆಯ ನೋಂದಣಿ ಬೇಕಾಗುತ್ತದೆ. ಸಣ್ಣ ಶಾಲೆಗೆ ಅದು ಸುಲಭವಲ್ಲ.

ನಾನು ಈ ಭಾಗದ ಒಂದು ಅನುದಾನಿತ ಕನ್ನಡ ಶಾಲೆಯ ಆಡಳಿತ ಸಮಿತಿಯಲ್ಲಿ ಕೆಲವು ವರ್ಷ ಇದ್ದವನು. ಅಲ್ಲಿ ಓದುವವರು ಬಡಾವಣೆಯ ಹಳೆಯ ಮನೆತನಗಳ ಮಕ್ಕಳಲ್ಲ. ಅವರೆಲ್ಲ ಇಂಗ್ಲಿಷ್ ಶಾಲೆಗೆ ಹೋಗಿ ಬಹುಕಾಲವಾಯಿತು. ಈಗ ಬರುವವರು ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ, ಮೂಟೆ ಹೊರುವವರ, ಮನೆಗೆಲಸ ಮಾಡುವವರ ಮಕ್ಕಳು. ಒಬ್ಬ ದಾನಿಗಳಿಂದ ನಮಗೆ ಎಂಟು ಕಂಪ್ಯೂಟರುಗಳು ಬಂದುವು. ಹಾರ, ಶಾಲು, ಫೋಟೋ ಎಲ್ಲವೂ ಆಯಿತು. ನಮ್ಮ ಗಣಿತದ ಮೇಡಂ ಯಾರೂ ಹೇಳದೆ ತಾವೇ ಅದನ್ನು ಕಲಿತರು. ಕೋನವನ್ನು ಪರದೆಯ ಮೇಲೆ ಎಳೆದು ತೋರಿಸಿದರೆ ಹುಡುಗಿಯರು ‘ಇನ್ನೊಂದ್ಸಲ, ಮಿಸ್’ ಎನ್ನುತ್ತಿದ್ದರು. ಮೂರನೆಯ ವರ್ಷ ವಿದ್ಯುತ್ತು ಹೋದಾಗ ನೆರವಾಗುವ ಬ್ಯಾಟರಿಗಳು ಸತ್ತುವು. ಹೊಸದಕ್ಕೆ ಬೇಕಾದ ಹಣ ದೊಡ್ಡದೇನಲ್ಲ; ಆದರೆ ಅದು ಯಾವ ತಲೆಬರಹಕ್ಕೂ ಸೇರದು. ಮೇಡಂ ತಮ್ಮ ಕೈಯಿಂದ ಹಾಕಿಸಿದರು. ಅವರು ನಿವೃತ್ತರಾದರು. ಅವರ ಜಾಗಕ್ಕೆ ಬೇರೊಬ್ಬರನ್ನು ತುಂಬಿಕೊಳ್ಳಲು ಅನುಮತಿ ಬರುವುದು ತಡವಾಯಿತು. ಕೋಣೆಗೆ ಬೀಗ ಬಿತ್ತು. ಯಂತ್ರಗಳು ಆಗ ಸುಸ್ಥಿತಿಯಲ್ಲೇ ಇದ್ದುವು.

ಇದು ಒಂದು ಶಾಲೆಯ ವ್ಯಥೆಯೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಂಪ್ಯೂಟರಿರುವ ಮಗುವಿಗೆ ಶಾಲೆಯ ಕೋಣೆಗೆ ಬೀಗ ಬಿದ್ದರೆ ಆಗುವ ನಷ್ಟ ಅಲ್ಪ. ಹೂ ಕಟ್ಟುವವಳ ಮಗಳಿಗೆ ಆ ಕೋಣೆ ಬಿಟ್ಟರೆ ಬೇರೆ ಕೋಣೆಯಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಫೋನಿನ ಪರದೆಗೆ ಹೋದಾಗ ಈ ಭೇದ ಎಲ್ಲರ ಕಣ್ಣಿಗೂ ಬಿತ್ತು.

ಹಾಗಾದರೆ ಶಾಲೆಯವರು ಮಾಡಬೇಕಾದುದೇನು? ಅರ್ಜಿ ಬರೆಯುವಾಗ ಯಂತ್ರದ ಬೆಲೆಯಿಂದ ಆರಂಭಿಸಕೂಡದು. ಐದನೆಯ ವರ್ಷದ ಖರ್ಚಿನಿಂದ ಆರಂಭಿಸಬೇಕು. ಆ ವರ್ಷ ವಿದ್ಯುತ್ತಿನ ಬಿಲ್ಲು ಎಷ್ಟು, ಬ್ಯಾಟರಿ ಎಷ್ಟು, ರಿಪೇರಿ ಎಷ್ಟು, ಯಾರು ಪಾಠ ಹೇಳುವರು, ಅವರು ಇಲ್ಲವಾದರೆ ಎರಡನೆಯವರು ಯಾರು? ಇಷ್ಟಕ್ಕೆ ಉತ್ತರ ಬರೆದ ಮೇಲೆ ಎಷ್ಟು ಯಂತ್ರ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಇಪ್ಪತ್ತು ಎಂದುಕೊಂಡಿದ್ದವರು ಹತ್ತು ಸಾಕೆನ್ನಬಹುದು. ಶಾಲೆಗೆ ಒಬ್ಬರಲ್ಲ, ಕನಿಷ್ಠ ಇಬ್ಬರು ಶಿಕ್ಷಕರಾದರೂ ಯಂತ್ರವನ್ನು ಬಲ್ಲವರಿರಬೇಕು. ಮತ್ತು ಯಂತ್ರ ಕೆಟ್ಟರೆ ಶಿಕ್ಷಕರ ಮೇಲೆ ಹೊಣೆ ಬಾರದೆಂದು ಸಮಿತಿಯವರು ಬರಹದಲ್ಲಿ ಹೇಳಿಬಿಡಬೇಕು. ಬಳಸಿ ಕೆಟ್ಟದ್ದು ನಷ್ಟವಲ್ಲ. ಬಳಸದೆ ಹಳೆಯದಾದದ್ದೇ ನಷ್ಟ.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂದು ನಮ್ಮಲ್ಲಿ ಗಾದೆ. ಒಪ್ಪೋಣ. ಆದರೆ ಹುಲ್ಲು ಹಿಂಡಿ ಯಾರದು, ಕರೆಯುವವರು ಯಾರು ಎಂದು ಕೇಳಬಾರದೆಂದು ಯಾವ ಗಾದೆಯೂ ಹೇಳಿಲ್ಲ. ಹಾಗೆ ಕೇಳಿದವರನ್ನು ಒಳ್ಳೆಯ ದಾನಿ ಕೃತಘ್ನರೆನ್ನುವುದಿಲ್ಲ, ಎಮ್ಮೆಯನ್ನು ಸಾಕಬಲ್ಲವರೆನ್ನುತ್ತಾನೆ.

ಬಸವನಗುಡಿಯ ಎಚ್. ನರಸಿಂಹಯ್ಯನವರ ಮಾತು ಇಲ್ಲಿ ಬಾರದಿರದು. 1935ರಲ್ಲಿ ಗೌರಿಬಿದನೂರಿನ ಕಡೆಯ ಹೊಸೂರಿನಿಂದ ನಡೆದು ಬಂದು ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಬಡ ಹುಡುಗ, ಭೌತವಿಜ್ಞಾನದಲ್ಲಿ ಅಮೆರಿಕದ ಡಾಕ್ಟರೇಟು ಪಡೆದು ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಅದಕ್ಕೆ ಬೇಕಾದದ್ದು ಒಂದು ಸಭಾಂಗಣ, ಒಬ್ಬ ಬಲ್ಲವರು, ವಾರ ತಪ್ಪದ ಶಿಸ್ತು. ಅವರು 2005ರಲ್ಲಿ ತೀರಿಕೊಂಡರೂ ವೇದಿಕೆಯ ಉಪನ್ಯಾಸಗಳು ನಿಲ್ಲಲಿಲ್ಲ. ನರಸಿಂಹಯ್ಯನವರು ಹಣ ಕೂಡಿಸಬಲ್ಲವರೇ ಆಗಿದ್ದರು. ಆದರೆ ಜನವನ್ನು ಕೂಡಿಸುವುದು ಅವರಿಗೆ ಮೊದಲಿನ ಕೆಲಸ.

ಸಾಲೋಟಗಿಯಲ್ಲಿ ಆ ಶಾಲೆ ಈಗ ಇಲ್ಲ, ದೀಪಗಳೂ ಇಲ್ಲ. ಲೆಕ್ಕ ಮಾತ್ರ ಕಲ್ಲಿನಲ್ಲಿ ಉಳಿದಿದೆ: ದೀಪಕ್ಕೆ ಹನ್ನೆರಡು, ಗುರುವಿಗೆ ಐವತ್ತು. ಶಾಲೆಗೆ ಯಂತ್ರ ಕೊಡಬೇಕೆಂದಿರುವ ಮಹಾಶಯರು ಚೆಕ್ಕು ಬರೆಯುವ ಮೊದಲು ಈ ಎರಡು ಅಂಕಿಗಳನ್ನು ಒಮ್ಮೆ ನೆನೆಯಲಿ.